ನಗುವ ಮೊದಲು ಒಂದು ಪ್ರಶ್ನೆ

ಮಕ್ಕಳೇ, 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಒಂದಷ್ಟು ಗಂಡುಗಳು ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟರು. ವಯಸ್ಸು ಮೂವತ್ತರ ಆಸುಪಾಸು, ಕೆಲವರದು ಅದಕ್ಕೂ ಮೇಲೆ. ಹೆಚ್ಚಿನವರು ಬೇಸಾಯದವರು. ಮದುವೆಗೆ ಹೆಣ್ಣು ಸಿಕ್ಕಿಲ್ಲ, ಮಾದಪ್ಪನಾದರೂ ಕಣ್ಣು ಬಿಡಲಿ ಎಂಬ ಹರಕೆ. ‘ಬ್ರಹ್ಮಚಾರಿಗಳ ಪಾದಯಾತ್ರೆ’ ಎಂದು ಅದು ಸುದ್ದಿಯಾಯಿತು. ನೀವು ಮೊಬೈಲಿನಲ್ಲಿ ನೋಡಿದಿರಿ, ನಕ್ಕಿರಿ, ಇನ್ನೊಬ್ಬರಿಗೆ ಕಳಿಸಿದಿರಿ. ನಗು ಬರುವುದು ಸಹಜ, ಅದಕ್ಕೆ ಬಯ್ಯುವುದಿಲ್ಲ. ಆದರೆ ಆ ದಿನವೂ ನಿಮ್ಮಲ್ಲಿ ಕೆಲವರ ಬ್ಯಾಗಿನಲ್ಲಿ ಸಮಾಜಶಾಸ್ತ್ರದ ಪುಸ್ತಕ ಇತ್ತು. ಅದರ ಮೊದಲ ಅಧ್ಯಾಯಕ್ಕೂ ಆ ಪಾದಯಾತ್ರೆಗೂ ಏನಾದರೂ ಸಂಬಂಧ ಇದ್ದೀತು ಎಂದು ನಿಮಗೆ ಹೊಳೆಯಲಿಲ್ಲವಲ್ಲ, ನನ್ನ ಚಿಂತೆ ಅದು.

ಕಾಲೇಜಿನಲ್ಲಿ ಈ ವಿಷಯ ಪಾಠ ಮಾಡಿ ನಿವೃತ್ತನಾದವನು ನಾನು. ‘ಬೇರೆ ಏನೂ ಸಿಗಲಿಲ್ಲ, ಅದಕ್ಕೆ ಆರ್ಟ್ಸ್’ ಎಂದು ಮುಖ ಇಳಿಬಿಟ್ಟು ಕೂರುವ ಮಕ್ಕಳು ಆಗಲೂ ಇದ್ದರು, ಈಗಲೂ ಇದ್ದಾರೆ. ಇನ್ನು ಕೆಲವರು ಐಎಎಸ್ ಪರೀಕ್ಷೆಗೆ ‘ಸ್ಕೋರಿಂಗ್ ಸಬ್ಜೆಕ್ಟ್’ ಎಂದು ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಇದನ್ನು ಉರು ಹೊಡೆಯುತ್ತಾರೆ. ಎರಡೂ ಕಡೆ ನಡೆಯುವುದು ಒಂದೇ. ಸಮಾಜಶಾಸ್ತ್ರದ ಪಿತಾಮಹ ಆಗಸ್ಟ್ ಕಾಮ್ಟ್: ಒಂದು ಅಂಕ. ಸಾಮಾಜೀಕರಣ ಎಂದರೇನು: ಐದು ಅಂಕ. ಅಂಕ ತೆಗೆದುಕೊಳ್ಳಿ, ಯಾರು ಬೇಡವೆಂದರು? ಆದರೆ ಪರೀಕ್ಷೆ ಮುಗಿದ ಸಂಜೆ ಗೈಡನ್ನು ರದ್ದಿಗೆ ಹಾಕಿ ಕೈ ತೊಳೆದುಕೊಂಡರೆ, ಮುಂದೆ ಬದುಕು ಕೇಳುವ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಎಲ್ಲಕ್ಕೂ ನನ್ನ ಹಣೆಬರಹ ಎನ್ನುತ್ತೀರಿ, ಇಲ್ಲವೇ ಎಲ್ಲಕ್ಕೂ ಅವರೇ ಕಾರಣ ಎಂದು ಯಾವುದೋ ಒಂದು ಜಾತಿಯ ಕಡೆಗೆ, ಒಂದು ಧರ್ಮದ ಕಡೆಗೆ ಬೆರಳು ತೋರಿಸುತ್ತೀರಿ.

ಸಿ. ರೈಟ್ ಮಿಲ್ಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1959ರಲ್ಲಿ ‘ದಿ ಸೋಶಿಯಲಾಜಿಕಲ್ ಇಮ್ಯಾಜಿನೇಶನ್’ ಎಂಬ ಪುಸ್ತಕ ಬರೆದ. ಅದರ ಮೊದಲ ಅಧ್ಯಾಯದಲ್ಲಿ ಒಂದು ಸರಳವಾದ ಲೆಕ್ಕ ಇದೆ. ಲಕ್ಷ ಜನರ ಪಟ್ಟಣದಲ್ಲಿ ಒಬ್ಬನಿಗೆ ಮಾತ್ರ ಕೆಲಸವಿಲ್ಲ ಎಂದರೆ ಅವನ ಗುಣ, ಅವನ ಕುಶಲತೆ, ಅವನ ಕಣ್ಣೆದುರಿನ ಅವಕಾಶ ಇಷ್ಟನ್ನು ವಿಚಾರಿಸಿದರೆ ಸಾಕು. ಐದು ಕೋಟಿ ದುಡಿಯುವ ಜನರಿರುವ ದೇಶದಲ್ಲಿ ಒಂದೂವರೆ ಕೋಟಿಗೆ ಕೆಲಸವಿಲ್ಲ ಎಂದರೆ ಒಬ್ಬೊಬ್ಬನ ಗುಣ ವಿಚಾರಿಸುತ್ತ ಕೂತು ಆಗುವುದೇನಿಲ್ಲ. ಅಲ್ಲಿ ಕೆಟ್ಟಿರುವುದು ಮನುಷ್ಯನಲ್ಲ, ವ್ಯವಸ್ಥೆ. ಮೊದಲನೆಯದನ್ನು ವೈಯಕ್ತಿಕ ಸಂಕಟ ಎಂದ, ಎರಡನೆಯದನ್ನು ಸಾರ್ವಜನಿಕ ಪ್ರಶ್ನೆ ಎಂದ. ಊರಲ್ಲಿ ಒಬ್ಬನಿಗೆ ಹೆಣ್ಣು ಸಿಗದಿದ್ದರೆ ಜಾತಕ ಸರಿಯಿಲ್ಲ, ಕುಡೀತಾನೆ, ಬಾಯಿ ಜೋರು ಎಂದು ಏನಾದರೊಂದು ಹೇಳಬಹುದು. ಬೀದಿ ಬೀದಿಯಲ್ಲೂ ಅಂಥವರಿದ್ದು, ಅವರೆಲ್ಲ ಗುಂಪು ಕಟ್ಟಿಕೊಂಡು ದೇವರ ಹತ್ತಿರ ನಡೆದುಹೋಗುವ ಮಟ್ಟಕ್ಕೆ ಬಂದರೆ ಜಾತಕದ ಮಾತು ನಿಲ್ಲಬೇಕು. ‘ಇವನಿಗೆ ಏನಾಗಿದೆ’ ಎಂಬುದನ್ನು ಬಿಟ್ಟು ‘ನಮ್ಮ ಸೀಮೆಗೆ ಏನಾಗಿದೆ’ ಎಂದು ಕೇಳಬೇಕು.

ಹಾಗೆ ಕೇಳಿದರೆ ಎಳೆ ಎಲ್ಲೆಲ್ಲಿಗೋ ಹೋಗುತ್ತದೆ. ಜಮೀನು ಅಣ್ಣತಮ್ಮಂದಿರಲ್ಲಿ ಪಾಲಾಗಿ ಪಾಲಾಗಿ ಗುಂಟೆಗೆ ಇಳಿದಿದೆ. ಕಬ್ಬು ಕಡಿದುಕೊಟ್ಟರೂ ಬಾಕಿ ಎಂದು ಕೈಗೆ ಬರುತ್ತದೋ ಗೊತ್ತಿಲ್ಲ. ಹೆಣ್ಣುಮಕ್ಕಳು ಡಿಗ್ರಿ ಮುಗಿಸಿದ್ದಾರೆ. ಬೆಳಗಿನ ಜಾವ ಎದ್ದು ಕೊಟ್ಟಿಗೆ ಬಾಚಿ, ಡೇರಿಗೆ ಹಾಲು ಹಾಕಿ, ಮನೆ ಮಂದಿಗೆ ಬೇಯಿಸಿ, ಮತ್ತೆ ಗದ್ದೆಗೆ ಇಳಿದ ಅಮ್ಮನ ಬಾಳನ್ನು ಕಂಡು ಬೆಳೆದವರು ಅವರು. ಅದು ನನಗೆ ಬೇಡ ಎನ್ನುತ್ತಿದ್ದಾರೆ. ಇನ್ನೂ ಹಿಂದೆ ಹೋದರೆ, ಹುಟ್ಟಲು ಬಿಡದ ಹೆಣ್ಣುಮಕ್ಕಳ ಲೆಕ್ಕ ಎದುರಾಗುತ್ತದೆ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇಡೀ ದೇಶದಲ್ಲಿ 1961ರಲ್ಲಿ 976 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಅದು 927ಕ್ಕೆ ಇಳಿಯಿತು, 2011ರಲ್ಲಿ 918ಕ್ಕೆ. ನಮ್ಮ ರಾಜ್ಯದಲ್ಲಿ 2011ರಲ್ಲಿ 948 ಇತ್ತು, ದೇಶಕ್ಕಿಂತ ವಾಸಿ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಪಾದಯಾತ್ರೆ ನಡೆದ ಅದೇ 2023ರ ಕೊನೆಗೆ, ಅದೇ ಮಂಡ್ಯ ಜಿಲ್ಲೆಯಲ್ಲಿ, ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲ ಪೊಲೀಸರಿಗೆ ಸಿಕ್ಕಿಬಿತ್ತು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ ಕಾನೂನು 1994ರದು. ಬೆಲ್ಲ ಬೇಯಿಸುವ ಜಾಗದಲ್ಲಿ ಆ ಕೆಲಸ ನಡೆಯುತ್ತಿತ್ತು. ಎರಡೂ ಸುದ್ದಿಯನ್ನು ನೀವು ಓದಿದ್ದೀರಿ. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿದಿರಾ?

ಗಂಡುಹುಡುಗರಿಗೆ ಒಂದು ಮಾತು. ‘ಈಗಿನ ಹೆಣ್ಮಕ್ಕಳಿಗೆ ಸೊಕ್ಕು, ಬೆಂಗಳೂರಿನ ಸಂಬಳದವನೇ ಬೇಕು’ ಎಂದು ಅಂಗಡಿ ಮುಂದೆ ಕೂತು ಆಡಿಕೊಳ್ಳಬೇಡಿ. ನಿಮ್ಮ ಅಕ್ಕನನ್ನು ಕೊಡುವಾಗ ನಿಮ್ಮ ಮನೆಯಲ್ಲೂ ಅದನ್ನೇ ನೋಡಿದರು. ಹೆಣ್ಣುಮಕ್ಕಳೇ, ನಿಮಗೂ ಹೇಳುತ್ತೇನೆ: ಬೇಡ ಎನ್ನುವ ಹಕ್ಕು ನಿಮ್ಮದು, ಅದನ್ನು ಯಾರಿಗೂ ಬಿಟ್ಟುಕೊಡಬೇಡಿ. ಆದರೆ ನೀವು ಬೇಡವೆನ್ನುತ್ತಿರುವುದು ಆ ಹುಡುಗನನ್ನೋ, ಅವನ ಮನೆಯಲ್ಲಿ ಸೊಸೆಗೆ ಕಾದಿಟ್ಟಿರುವ ಪಾತ್ರವನ್ನೋ, ಬಿಡಿಸಿ ನೋಡಿಕೊಳ್ಳಿ. ಅಂತಸ್ತು ಮತ್ತು ಪಾತ್ರ ಎಂದು ಪುಸ್ತಕದಲ್ಲಿ ಓದಿದಿರಲ್ಲ, ಅದು ಇದೇ. ಪಾತ್ರ ಬದಲಾಗಬಲ್ಲದು. ಹುಡುಗ ಕೊಟ್ಟಿಗೆ ಬಾಚಿದರೆ ಯಾವ ಶಾಸ್ತ್ರಕ್ಕೂ ಭಂಗ ಬರುವುದಿಲ್ಲ.

ಹಿಂದಿನವರ ಒಂದು ದೊಡ್ಡ ಕೆಲಸ ನೋಡಿ. ಫ್ರಾನ್ಸಿನ ಎಮಿಲ್ ಡರ್ಖೈಮ್ 1897ರಲ್ಲಿ ಆತ್ಮಹತ್ಯೆಯ ಬಗ್ಗೆ ಒಂದು ಪುಸ್ತಕ ಬರೆದ. ಮನುಷ್ಯ ಏಕಾಂತದಲ್ಲಿ ಮಾಡುವ ಕೃತ್ಯವೆಂದು ಎಲ್ಲರೂ ಅಂದುಕೊಂಡದ್ದನ್ನೇ ಅವನು ಆರಿಸಿಕೊಂಡ. ಅಂಕಿಅಂಶ ಒಟ್ಟು ಮಾಡಿ ನೋಡಿದರೆ, ಒಂದೊಂದು ದೇಶದಲ್ಲಿ ವರ್ಷ ವರ್ಷವೂ ಪ್ರಮಾಣ ಹೆಚ್ಚು ಕಡಿಮೆ ಅಷ್ಟಷ್ಟೇ ಇತ್ತು. ಕ್ಯಾಥೊಲಿಕರಿಗಿಂತ ಪ್ರಾಟೆಸ್ಟೆಂಟರಲ್ಲಿ ಹೆಚ್ಚು, ಸಂಸಾರಸ್ಥರಿಗಿಂತ ಒಂಟಿಯಾಗಿದ್ದವರಲ್ಲಿ ಹೆಚ್ಚು. ಸಾಯುವವರು ಬೇರೆ ಬೇರೆ, ಕಾರಣವೂ ಒಬ್ಬೊಬ್ಬರಿಗೆ ಒಂದೊಂದು. ಆದರೂ ಪ್ರಮಾಣ ಬದಲಾಗದಿದ್ದರೆ ಅದನ್ನು ಹಿಡಿದಿಟ್ಟಿರುವುದು ವ್ಯಕ್ತಿಯಲ್ಲ, ಅವನ ಸುತ್ತಲಿನ ನಂಟು. ನಂಟು ಸಡಿಲವಾದಲ್ಲಿ, ನಡೆದುಕೊಳ್ಳುವುದಕ್ಕೆ ಆಧಾರವಾಗಿದ್ದ ಕಟ್ಟಳೆ ಕದಡಿದಲ್ಲಿ ಮನುಷ್ಯ ಕುಸಿಯುತ್ತಾನೆ ಎಂದ. ಕಟ್ಟಳೆ ಕದಡಿದ ಆ ಸ್ಥಿತಿಯನ್ನು ಅನೋಮಿ ಎಂದು ಕರೆದ. ಒಬ್ಬನ ಹೊರಗಿದ್ದು ಒಬ್ಬನನ್ನು ನಡೆಸುವ ಇಂಥ ಶಕ್ತಿಗಳಿಗೆ ಸಾಮಾಜಿಕ ಸತ್ಯಾಂಶ ಎಂಬ ಹೆಸರನ್ನು 1895ರಲ್ಲೇ ಕೊಟ್ಟಿದ್ದ. ಸರ್ಕಾರಿ ದಾಖಲೆಯನ್ನು ಅವನು ಅತಿಯಾಗಿ ನಂಬಿದ, ಎಲ್ಲ ಮನೆಯವರೂ ಸಾವಿನ ನಿಜ ಕಾರಣ ಬರೆಸುವುದಿಲ್ಲ ಎಂದು ಆಮೇಲಿನವರು ಆಕ್ಷೇಪಿಸಿದರು. ಆಕ್ಷೇಪ ಸರಿಯಾದದ್ದೇ. ಆದರೂ ಅವನು ಹಾಕಿಕೊಟ್ಟ ದಾರಿ ಮುಚ್ಚಲಿಲ್ಲ.

ಇದನ್ನು ಈಗ ಹೇಳಲು ಕಾರಣವಿದೆ. ‘ನಿನ್ನ ಯಶಸ್ಸಿಗೆ ನೀನೇ ಕಾರಣ, ನಿನ್ನ ಸೋಲಿಗೂ ನೀನೇ ಕಾರಣ’ ಎಂದು ಬೆಳಗ್ಗೆ ಎದ್ದರೆ ಫೋನಿನಲ್ಲಿ ಯಾರೋ ಒಬ್ಬರು ಅಬ್ಬರಿಸುತ್ತಾರೆ. ಕೇಳುವಾಗ ಮೈ ಬಿಸಿಯಾಗುತ್ತದೆ. ಆದರೆ ಒಂದು ಹುದ್ದೆಗೆ ನೂರಾರು ಜನ ಅರ್ಜಿ ಹಾಕಿದ ಕಡೆ, ಎಲ್ಲರೂ ಹಗಲು ರಾತ್ರಿ ಓದಿದರೂ ಸಿಗುವುದು ಒಬ್ಬರಿಗೇ. ಉಳಿದವರೆಲ್ಲ ಸೋಮಾರಿಗಳೇ? ಆ ಭಾಷಣ ಕೇಳಿ ಬೆಳೆದ ಮಗು ಫಲಿತಾಂಶದ ದಿನ ಒಬ್ಬನೇ ಕೋಣೆ ಸೇರಿ ಚಿಲಕ ಹಾಕಿಕೊಳ್ಳುತ್ತಾನೆ. ನನಗೆ ಭಯವಾಗುವುದು ಅಲ್ಲಿ. ಮಗು, ಓದು, ಶ್ರಮ ಪಡು, ಬೇಡ ಎನ್ನುವುದಿಲ್ಲ. ಆದರೆ ಸೋತ ದಿನ ‘ಇದು ನನ್ನೊಬ್ಬನದೇ?’ ಎಂದು ಕೇಳಿಕೋ. ಪಕ್ಕದ ರೂಮಿನವನನ್ನೂ ಕೇಳು. ಎದೆಗೆ ಭಾರ ತಡೆಯದಾದರೆ ಮನೆಯವರಿಗೋ ಮೇಷ್ಟ್ರಿಗೋ ಬಾಯಿಬಿಟ್ಟು ಹೇಳು. ನಂಟು ಮನುಷ್ಯನನ್ನು ಹಿಡಿದು ನಿಲ್ಲಿಸುತ್ತದೆ ಎಂಬುದು ಡರ್ಖೈಮ್ ಲೆಕ್ಕ ಹಾಕಿ ತೋರಿಸಿದ ಮಾತು, ನನ್ನ ಉಪದೇಶವಲ್ಲ.

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಹೇಳಲು ಬಂದವನಲ್ಲ ನಾನು. ನಮ್ಮ ಅಮ್ಮಂದಿರನ್ನು ಮದುವೆಗೆ ಒಪ್ಪಿಗೆಯೇ ಎಂದು ಯಾರೂ ಕೇಳಿರಲಿಲ್ಲ. ಇನ್ನೊಂದು ಸಂಗತಿ ನಿಮಗೆ ಸೋಜಿಗವಾದೀತು. ಹಳೆ ಮೈಸೂರು ಸೀಮೆಯ ಬಹುಪಾಲು ಒಕ್ಕಲು ಕುಲಗಳಲ್ಲಿ ಹಣ ಕೊಡುತ್ತಿದ್ದುದು ಗಂಡಿನ ಕಡೆಯವರು. ಅದಕ್ಕೆ ತೆರ ಎನ್ನುತ್ತಿದ್ದರು. ವರದಕ್ಷಿಣೆ ಆಮೇಲೆ ಬಂದದ್ದು. ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇದನ್ನು ಗಮನಿಸಿ ಬರೆದರು. ಹುಡುಗರು ಓದಿ ಸಂಬಳದ ನೌಕರಿ ಹಿಡಿದ ಮೇಲೆ, ಮೇಲಿನವರೆನಿಸಿಕೊಂಡವರ ಪದ್ಧತಿ ಹಿಡಿದರೆ ಗೌರವ ಎಂಬ ಭಾವನೆ ಬೆಳೆದ ಮೇಲೆ, ತೆರ ಅವಮಾನದ ವಿಷಯವಾಯಿತು, ವರದಕ್ಷಿಣೆ ಪ್ರತಿಷ್ಠೆಯಾಯಿತು. ಕೆಳಗಿನ ಜಾತಿ ಮೇಲಿನ ಜಾತಿಯ ಆಚಾರ, ಊಟ, ಪೂಜೆಗಳನ್ನು ತನ್ನದಾಗಿಸಿಕೊಂಡು ಮೇಲೇರಲು ನೋಡುವುದನ್ನು ಅವರು ಸಂಸ್ಕೃತೀಕರಣ ಎಂದು ಕರೆದದ್ದು ನಿಮಗೆ ಗೊತ್ತು. ಕೊಡಗರ ಬಗ್ಗೆ 1952ರಲ್ಲಿ ಬಂದ ಅವರ ಪುಸ್ತಕದಿಂದ ಆ ಮಾತು ಪ್ರಚಾರಕ್ಕೆ ಬಂತು. ಎರಡು ತಲೆಮಾರಿನೊಳಗೆ ದುಡ್ಡು ಹರಿಯುವ ದಿಕ್ಕೇ ತಿರುಗಿತು ನೋಡಿ. ಈಗ ಬ್ರೋಕರಿಗೆ ಹಣ ಕಟ್ಟಿ, ಮದುವೆ ಖರ್ಚೆಲ್ಲ ತಾವೇ ಹಾಕಿಕೊಳ್ಳುತ್ತೇವೆ ಎನ್ನುವ ಗಂಡಿನವರನ್ನು ನೋಡುತ್ತಿದ್ದೇನೆ. ‘ಇದು ನಮ್ಮಲ್ಲಿ ಅನಾದಿಯಿಂದ ಬಂದದ್ದು’ ಎಂದು ಯಾರಾದರೂ ಗಟ್ಟಿ ದನಿಯಲ್ಲಿ ಹೇಳಿದರೆ, ಮನೆಯ ಅಜ್ಜಿಯನ್ನು ಒಮ್ಮೆ ಕೇಳಿ.

ಶ್ರೀನಿವಾಸರದು ಇನ್ನೊಂದು ಪಾಠವಿದೆ, ನನಗೆ ಅದು ಸಂಸ್ಕೃತೀಕರಣಕ್ಕಿಂತ ದೊಡ್ಡದು. ಅವರು ಮುಂಬಯಿಯಲ್ಲಿ ಘುರ್ಯೆ ಅವರ ಶಿಷ್ಯರು, ಆಮೇಲೆ ಆಕ್ಸ್‌ಫರ್ಡಿನಲ್ಲಿ ಕಲಿತವರು. ಅಷ್ಟೆಲ್ಲ ಓದಿದ ಮೇಲೂ 1948ರಲ್ಲಿ ಮೈಸೂರು ಬಳಿಯ ಒಂದು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಇದ್ದರು. ಆ ಊರನ್ನು ರಾಂಪುರ ಎಂಬ ಹೆಸರಿಟ್ಟು ಬರೆದರು. ಪುಸ್ತಕದಲ್ಲಿ ನಾಲ್ಕು ವರ್ಣ ಮೇಲಿಂದ ಕೆಳಗೆ ನೀಟಾಗಿ ನಿಂತಿವೆ. ಊರಿನಲ್ಲಿ ಹಾಗಿರಲಿಲ್ಲ. ಅಲ್ಲಿ ನಡೆಯುತ್ತಿದ್ದುದು ಪುರೋಹಿತನ ಮಾತಲ್ಲ, ಜಮೀನೂ ಜನಬಲವೂ ಇದ್ದ ಒಕ್ಕಲಿಗರ ಮಾತು. ಪ್ರಬಲ ಜಾತಿ ಎಂಬ ಪರಿಕಲ್ಪನೆ ಹೀಗೆ ಹೊಲದ ಬದುವಿನ ಮೇಲೆ ಹುಟ್ಟಿದ್ದು. ನೀವು ದಿನಾ ಆಡುವ ‘ವೋಟ್ ಬ್ಯಾಂಕ್’ ಕೂಡ ಅವರು ಈ ಹಳ್ಳಿಯ ಬಗ್ಗೆ ಬರೆಯುವಾಗ ಬಳಸಿದ ಮಾತೇ.

1970ರ ಏಪ್ರಿಲಿನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಯಾರೋ ಹಚ್ಚಿದ ಬೆಂಕಿಯಲ್ಲಿ ಅವರ ಕೊಠಡಿ ಉರಿಯಿತು. ರಾಂಪುರದ ಬಗ್ಗೆ ವರ್ಷಗಟ್ಟಲೆ ಸಿದ್ಧಮಾಡಿಕೊಂಡಿದ್ದ ಟಿಪ್ಪಣಿಗಳು ಸುಟ್ಟವು. ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದ. ಅವರು ನೆನಪನ್ನೇ ನೆಚ್ಚಿ ಬರೆಯಲು ಕೂತರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಬಂತು. ಓದಿ. ಸಿದ್ಧಾಂತದ ಭಾರವಿಲ್ಲದ, ಎತ್ತು, ಮಳೆ, ಜಗಳ, ಗೌಡರ ಗತ್ತು ಎಲ್ಲ ಇರುವ ಪುಸ್ತಕ. ಅಷ್ಟು ನೆನಪಿನಲ್ಲಿ ಉಳಿಯಬೇಕಾದರೆ ಅಂದು ಎಷ್ಟು ಗಮನವಿಟ್ಟು ನೋಡಿರಬೇಕು!

ನೀವು ನೋಡುವುದನ್ನು ಬಿಟ್ಟಿದ್ದೀರಿ ಕಣ್ರಪ್ಪ. ಜಾತ್ರೆಗೆ ಹೋಗುತ್ತೀರಿ, ತೇರಿನ ಬದಲು ತೇರಿನ ಮುಂದೆ ನಿಂತ ನಿಮ್ಮ ಮುಖವನ್ನು ನೋಡಿಕೊಂಡು ಬರುತ್ತೀರಿ. ಅಸೈನ್‌ಮೆಂಟ್ ಕೊಟ್ಟರೆ ಕಂಪ್ಯೂಟರಿಗೆ ಬರೆಯಲು ಹೇಳಿ ನಕಲು ಇಳಿಸುತ್ತೀರಿ. ಅದು ನಿಮ್ಮ ಬೀದಿಗೆ ಬಂದದ್ದಿಲ್ಲ, ನಿಮ್ಮ ಊರಿನ ಬಾವಿಕಟ್ಟೆಯ ಮೇಲೆ ಯಾರು ಕೂರಬಹುದು ಯಾರು ಕೂರಬಾರದು ಎಂಬುದು ಅದಕ್ಕೆ ತಿಳಿಯದು. ನಿಮಗೆ ತಿಳಿದಿದೆ. ಹಾಗೆಂದು ನೋಡಿದ್ದೆಲ್ಲ ಪೂರ್ತಿ ನಿಜವೂ ಅಲ್ಲ. ರಾಂಪುರದಲ್ಲಿ ಶ್ರೀನಿವಾಸರು ಉಳಿದದ್ದು ಊರ ಮುಖ್ಯಸ್ಥರ ಆಶ್ರಯದಲ್ಲಿ, ಅವರು ಹುಟ್ಟಿದ್ದು ಬ್ರಾಹ್ಮಣ ಕುಲದಲ್ಲಿ. ತಾವು ಕಂಡದ್ದು ಆ ಕಡೆಯಿಂದ ಕಾಣುವ ಹಳ್ಳಿ ಎಂದು ಅವರೇ ಒಪ್ಪಿದರು. ದಲಿತರ ಕೇರಿಯಿಂದ ಅದೇ ಊರು ಬೇರೆಯಾಗಿ ಕಂಡೀತು, ಅಡುಗೆಮನೆಯಿಂದ ಇನ್ನೂ ಬೇರೆಯಾಗಿ. ಆದ್ದರಿಂದ ಏನನ್ನಾದರೂ ಹೇಳುವ ಮೊದಲು ನಾನು ಯಾರ ಜಗಲಿಯ ಮೇಲೆ ಕೂತು ಇದನ್ನು ನೋಡುತ್ತಿದ್ದೇನೆ ಎಂದು ಕೇಳಿಕೊಳ್ಳಿ.

ಇನ್ನು ಮಂಡ್ಯದ್ದೇ ಒಂದು ಕಥೆ. ವಿಯೆನ್ನಾದಲ್ಲಿ 1922ರಲ್ಲಿ ಹುಟ್ಟಿ, ನಾಜಿಗಳ ಹಾವಳಿಗೆ ಊರು ಬಿಟ್ಟು ಇಂಗ್ಲೆಂಡ್ ಸೇರಿದ್ದ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಹೆಣ್ಣುಮಗಳು 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಊರುಗಳಿಗೆ ವಂಗಲ, ದಲೇನ ಎಂದು ಹೆಸರು ಬದಲಿಸಿ 1962ರಲ್ಲಿ ಪುಸ್ತಕ ತಂದರು. ಕನ್ನಂಬಾಡಿ ಕಟ್ಟೆಯಾಗಿ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಂತಲ್ಲ, ಆ ನೀರು ವಂಗಲದ ಭೂಮಿಗೆ ಹರಿಯಿತು. ದಲೇನ ಎತ್ತರದಲ್ಲಿತ್ತು, ಸುತ್ತಮುತ್ತ ಹಸಿರಾದರೂ ಅದು ಒಣ ಊರಾಗಿಯೇ ಉಳಿಯಿತು. ಪುಸ್ತಕ ತೆರೆಯುವ ಮೊದಲು ನೀವೇ ಊಹಿಸಿ: ಎರಡರಲ್ಲಿ ಯಾವ ಊರು ಹೆಚ್ಚು ಬದಲಾಗಿರಬೇಕು?

ನೀರು ಬಂದ ಊರೇ ಎನ್ನುತ್ತೀರಿ. ನಾನೂ ತರಗತಿಯಲ್ಲಿ ಕೇಳಿದಾಗಲೆಲ್ಲ ಮಕ್ಕಳು ಅದನ್ನೇ ಹೇಳುತ್ತಿದ್ದರು. ಆದದ್ದು ಬೇರೆ. ವಂಗಲದಲ್ಲಿ ಕಬ್ಬು, ಭತ್ತ ಬಂತು, ಕೈಯಲ್ಲಿ ಕಾಸು ಓಡಾಡಿತು. ಆದರೆ ಬೇಸಾಯವೇ ಬದುಕಾಗಿ ಉಳಿದದ್ದರಿಂದ ಹಳೆಯ ಸಂಬಂಧಗಳೂ ಉಳಿದವು. ಭೂಮಿಯ ಒಡೆಯನಿಗೂ ಅವನ ಹೊಲದಲ್ಲಿ ತಲೆತಲಾಂತರದಿಂದ ದುಡಿಯುತ್ತಿದ್ದ ದಲಿತ ಮನೆತನಕ್ಕೂ ನಡುವೆ ಇದ್ದ ಕಟ್ಟು ಸಡಿಲವಾಗಲಿಲ್ಲ. ಹೆಚ್ಚು ನೀರಿಗೆ ಹೆಚ್ಚು ಆಳು ಬೇಕಾಗಿದ್ದರಿಂದ ಆ ಕಟ್ಟು ಒಡೆಯನಿಗೆ ಇನ್ನೂ ಬೇಕೇ ಆಯಿತು. ದಲೇನದವರು ಕೈಕಟ್ಟಿ ಕೂರುವಂತಿರಲಿಲ್ಲ. ಕೆಲವರು ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹೋದರು, ಕೆಲವರು ಗಾಡಿ ಕಟ್ಟಿ ಕಬ್ಬು ಹೊಡೆದರು, ಕೆಲವರು ವ್ಯಾಪಾರಕ್ಕಿಳಿದರು, ಅನುಕೂಲವಿದ್ದವರು ಅಕ್ಕಪಕ್ಕದ ಊರಿನಲ್ಲಿ ನೀರಾವರಿ ಜಮೀನು ಕೊಂಡರು. ಬದುಕು ಊರಿನ ಆಚೆಗೆ ಹರಡಿದಂತೆ ಊರೊಳಗಿನ ಹಳೆಯ ಕಟ್ಟುಗಳು ಬಿಚ್ಚಿಕೊಂಡವು. ನೀರು ಬಾರದ ಊರಿನ ಸಮಾಜ ನೀರು ಬಂದ ಊರಿಗಿಂತ ಹೆಚ್ಚು ಬದಲಾಯಿತು.

ನಾನು ಹುಡುಗನಾಗಿದ್ದಾಗ ನಾಲೆ ಬಯಲಿನ ಮನೆ ಎಂದರೆ ಹೆಣ್ಣು ಕೊಡಲು ಒಣ ಸೀಮೆಯವರು ಮುಗಿಬೀಳುತ್ತಿದ್ದರು. ಇವತ್ತು ಅದೇ ಬಯಲಿನ ಹುಡುಗ ಬೆಟ್ಟ ಹತ್ತುತ್ತಿದ್ದಾನೆ. ಊರಿನ ಆಚೆ ಹೋಗಿ ಸಂಬಳ ಹಿಡಿಯುವುದೇ ಗಂಡಸಿನ ಬೆಲೆಯಾದ ಈ ದಿನಗಳಲ್ಲಿ ಇಡೀ ಸೀಮೆಯೇ ದಲೇನದ ದಾರಿ ಹಿಡಿದಿದೆ ಎಂದು ನನಗನ್ನಿಸುತ್ತದೆ. ಇದು ನನ್ನ ಅಭಿಪ್ರಾಯ, ಎಪ್‌ಸ್ಟೀನರದಲ್ಲ. ನೀವು ಕಲಿಯಬೇಕಾದದ್ದು ಇಷ್ಟು: ‘ಎಲ್ಲರಿಗೂ ಗೊತ್ತಿರುವ ವಿಷಯ’ ಎನಿಸಿದ್ದನ್ನು ಊರಿಗೆ ಹೋಗಿ ಪರೀಕ್ಷಿಸುವ ತನಕ ನಂಬಬೇಡಿ. ವಾಟ್ಸ್ಆ್ಯಪಿನಲ್ಲಿ ಬಂದ ‘ಅಧ್ಯಯನ ಹೇಳುತ್ತದೆ’ ಎಂಬ ಸಾಲನ್ನಂತೂ ಬೇಡವೇ ಬೇಡ. ಯಾವ ಅಧ್ಯಯನ, ಯಾವ ಊರು, ಯಾವ ವರ್ಷ ಎಂದು ಕೇಳಿ.

ದೃಷ್ಟಿಕೋನಗಳ ವಿಷಯಕ್ಕೆ ಬರೋಣ, ನೀವು ಹೆಚ್ಚು ಹೆದರುವ ಅಧ್ಯಾಯ ಅದು. ಕಾರ್ಯವಾದ, ಸಂಘರ್ಷವಾದ, ಸಾಂಕೇತಿಕ ಅಂತರ್ಕ್ರಿಯಾವಾದ. ಹೆಸರು ಕೇಳಿ ಗಾಬರಿಯಾಗಬೇಡಿ. ಬೇಸಾಯಗಾರನ ಮನೆಯಲ್ಲಿ ನೇಗಿಲೂ ಇರುತ್ತದೆ, ಕುಂಟೆಯೂ ಇರುತ್ತದೆ, ಕುಡುಗೋಲೂ ಇರುತ್ತದೆ. ಯಾವುದು ದೊಡ್ಡದು ಎಂದು ಅವನು ಜಗಳವಾಡುವುದಿಲ್ಲ, ಕೆಲಸ ನೋಡಿ ಕೈಗೆತ್ತಿಕೊಳ್ಳುತ್ತಾನೆ. ನೀವು ಒಂದನ್ನು ಹಿಡಿದು ಅದರ ಬಾವುಟ ಏರಿಸಿಬಿಡುತ್ತೀರಿ. ಒಂದು ವರ್ಷ ಮಾರ್ಕ್ಸ್ ಓದಿದವನಿಗೆ ಅಜ್ಜಿಯ ಪೂಜೆಯಲ್ಲೂ ಶೋಷಣೆ ಬಿಟ್ಟು ಬೇರೇನೂ ಕಾಣದು. ಕಾರ್ಯವಾದ ಹಿಡಿದವನಿಗೆ ಯಾವ ಅನ್ಯಾಯ ತೋರಿಸಿದರೂ ‘ಅದಕ್ಕೂ ಸಮಾಜದಲ್ಲಿ ಒಂದು ಕೆಲಸ ಇದೆ ಸಾರ್’ ಎನ್ನುತ್ತಾನೆ. ಎರಡೂ ಒಂದೇ ಬಗೆಯ ಸೋಮಾರಿತನ.

ಮಳೆ ಹೋದಾಗ ನಮ್ಮ ಕಡೆ ಕತ್ತೆಗಳಿಗೆ ಮದುವೆ ಮಾಡುತ್ತಾರೆ. ಕತ್ತೆಗೆ ಬಾಸಿಂಗ ಕಟ್ಟಿದರೆ ಮೋಡ ಕಟ್ಟುವುದಿಲ್ಲ ಎಂದು ನಿಮಗೆ ಗೊತ್ತು, ಬಹುಶಃ ಮಾಡುವವರಿಗೂ ಗೊತ್ತು. ಅಮೆರಿಕದ ಮೂಲನಿವಾಸಿಗಳಾದ ಹೋಪಿ ಜನರ ಮಳೆಯ ಕುಣಿತವನ್ನು ಕುರಿತು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1949ರಲ್ಲಿ ಬರೆದದ್ದು ಇದೇ: ಎಲ್ಲರಿಗೂ ಕಾಣುವ ಉದ್ದೇಶ ಮಳೆ, ಕಾಣದೆ ಆಗುವ ಕೆಲಸ ಚದುರಿದ ಜನ ಒಂದಾಗುವುದು. ಇದು ಕಾರ್ಯವಾದದ ದೃಷ್ಟಿ. ಸರಿ, ಒಪ್ಪೋಣ. ಈಗ ಬೇರೆ ಪ್ರಶ್ನೆ ಎತ್ತಿ. ಮೆರವಣಿಗೆ ಯಾವ ಬೀದಿಗೆ ಹೋಯಿತು, ಯಾವುದಕ್ಕೆ ಹೋಗಲಿಲ್ಲ? ತಮಟೆ ಬಡಿದವರು ಯಾರು, ಊಟಕ್ಕೆ ಅವರು ಕೂತದ್ದು ಎಲ್ಲಿ? ಒಂದಾದದ್ದು ಯಾರು ಯಾರು? ಇದು ಸಂಘರ್ಷದ ದೃಷ್ಟಿ. ಇದಿಲ್ಲದೆ ಮರ್ಟನ್ ಅರ್ಧ ಮಾತ್ರ.

ಹೋಟೆಲಿನ ಲೋಟದ ಸಂಗತಿಯೂ ಹಾಗೆಯೇ. ದಲಿತರಿಗೆಂದು ಬೇರೆ ಲೋಟ, ಹೊರಗೆ ಗೋಡೆಯ ಮೂಲೆಯಲ್ಲಿ. ಕುಡಿದು ಅವರೇ ತೊಳೆದಿಡಬೇಕು. ಕಣ್ಣಾರೆ ಕಂಡು ಬೆಳೆದವರು ನಾವು. ಈಗ ಬಹಳ ಕಡೆ ಪೇಪರ್ ಕಪ್ ಬಂದಿದೆ, ಎಲ್ಲರಿಗೂ ಒಂದೇ, ಕುಡಿದು ಬಿಸಾಡಿದರಾಯಿತು. ಜಾತಿ ಹೋಯಿತು ಎಂದು ನೀವು ಸಂತೋಷ ಪಡುತ್ತೀರಿ. ನಾನು ಅಷ್ಟು ಬೇಗ ಪಡಲಾರೆ. ಒಬ್ಬ ಕುಡಿದ ಲೋಟವನ್ನು ಇನ್ನೊಬ್ಬ ಮುಟ್ಟಬೇಕಾದ ಪ್ರಸಂಗವನ್ನೇ ಪೇಪರ್ ಕಪ್ ತಪ್ಪಿಸಿಬಿಟ್ಟಿತು. ಮನಸ್ಸು ಬದಲಾಯಿತೋ, ಪರೀಕ್ಷೆಯೇ ರದ್ದಾಯಿತೋ? ಅದೇ ಊರಿನ ಮದುವೆ ಮನೆಯ ಸ್ಟೀಲ್ ಲೋಟ, ದೇವಸ್ಥಾನದ ಪ್ರಸಾದದ ಸಾಲು ನೋಡಿ ಬಂದು ಆಮೇಲೆ ಹೇಳಿ.

ಮೂರನೆಯ ದೃಷ್ಟಿ ನಿಮ್ಮ ವಯಸ್ಸಿನವರಿಗೆ ಎಲ್ಲಕ್ಕಿಂತ ಹತ್ತಿರದ್ದು. ಇತರರ ಕಣ್ಣಿನಲ್ಲಿ ನಾನು ಹೇಗೆ ಕಾಣುತ್ತೇನೆ ಎಂದು ಊಹಿಸಿಕೊಂಡು ಮನುಷ್ಯ ತನ್ನನ್ನು ತಾನು ಅಳೆಯುತ್ತಾನೆ ಎಂದು ಕೂಲಿ ಎಂಬ ಸಮಾಜಶಾಸ್ತ್ರಜ್ಞ 1902ರಲ್ಲಿ ಬರೆದ. ಇನ್‌ಸ್ಟಾಗ್ರಾಮ್ ಇನ್ನೂ ನೂರು ವರ್ಷ ದೂರವಿತ್ತು. ಜನ ನಿಜವೆಂದು ನಂಬಿದ್ದು ಪರಿಣಾಮದಲ್ಲಿ ನಿಜವೇ ಆಗುತ್ತದೆ ಎಂದು ಥಾಮಸ್ ಎಂಬ ಇನ್ನೊಬ್ಬ ಸಮಾಜಶಾಸ್ತ್ರಜ್ಞ 1928ರಲ್ಲಿ ತೋರಿಸಿದ. ಅದನ್ನೇ ಹಿಡಿದು ಮರ್ಟನ್ 1948ರಲ್ಲಿ ಒಂದು ಬ್ಯಾಂಕಿನ ಕಥೆ ಕಟ್ಟಿದ. ಬ್ಯಾಂಕು ಗಟ್ಟಿಯಾಗಿಯೇ ಇದೆ, ಮುಳುಗುತ್ತದಂತೆ ಎಂಬ ಗಾಳಿಮಾತು ಏಳುತ್ತದೆ, ಎಲ್ಲರೂ ಒಟ್ಟಿಗೆ ಹಣ ತೆಗೆಯಲು ನುಗ್ಗುತ್ತಾರೆ, ಬ್ಯಾಂಕು ಮುಳುಗುತ್ತದೆ. ‘ಬೇಸಾಯ ಮಾಡೋನಿಗೆ ಯಾರು ಹೆಣ್ಣು ಕೊಡ್ತಾರೆ’ ಎಂಬ ಮಾತೂ ಅಂಥದ್ದೇ. ಅದನ್ನು ನಂಬಿದ ಅಪ್ಪ ಮಗನನ್ನು ಬೆಂಗಳೂರಿಗೆ ಅಟ್ಟುತ್ತಾನೆ. ಊರಿನಲ್ಲಿ ಎರಡು ಎಕರೆ ನೀರಾವರಿ ಇದ್ದವನು ಅಲ್ಲಿ ಗೇಟು ಕಾಯುತ್ತಾನೆ, ಬಯೋಡೇಟಾದಲ್ಲಿ ‘ಖಾಸಗಿ ಕಂಪನಿಯಲ್ಲಿ ಉದ್ಯೋಗ’ ಎಂದು ಬರೆಸುತ್ತಾನೆ. ಚುರುಕಾದವರು ಹೊರಟುಹೋದಷ್ಟೂ ಬೇಸಾಯ ಬಡವಾಗುತ್ತದೆ, ಆಡಿದ ಮಾತು ನಿಜವಾಗುತ್ತ ಹೋಗುತ್ತದೆ. ಬೆಳೆಗೆ ಬೆಲೆ ಇಲ್ಲ, ನೀರಿನ ತಾಪತ್ರಯ ಇದೆ, ಅದೆಲ್ಲ ಗಾಳಿಮಾತಲ್ಲ, ನನಗೆ ಗೊತ್ತು. ಆದರೆ ಅದರ ಮೇಲೆ ಈ ಮಾತಿನ ಹೊರೆಯನ್ನೂ ಹೇರುವುದನ್ನು ನೀವಾದರೂ ನಿಲ್ಲಿಸಬಹುದು. ಅದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ.

ಕೊನೆಯದಾಗಿ, ನಿಮ್ಮಷ್ಟೇ ವಯಸ್ಸಿನ ಒಬ್ಬರ ಕಡೆ ನಿಮ್ಮ ಗಮನ ಎಳೆಯಬೇಕು. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾ. ಗೋಲ್ಡನ್‌ವೈಸರ್ ಅವರ ವಿಚಾರಗೋಷ್ಠಿಯಲ್ಲಿ ಒಬ್ಬ ವಿದ್ಯಾರ್ಥಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದ. ವಯಸ್ಸು 25. ಹೆಸರು ಭೀಮರಾವ್ ಅಂಬೇಡ್ಕರ್. ಜಾತಿಯ ಬೇರು ಇರುವುದು ಮುಟ್ಟು, ಮಡಿ, ಊಟದಲ್ಲಲ್ಲ, ತನ್ನೊಳಗೇ ಮದುವೆಯಾಗಬೇಕೆಂಬ ಕಟ್ಟಿನಲ್ಲಿ ಎಂದು ಅವರು ವಾದಿಸಿದರು. ಒಂದು ಗುಂಪು ಬಾಗಿಲು ಹಾಕಿಕೊಂಡು ಒಳಗೇ ಮದುವೆ ಮಾಡಬೇಕಾದರೆ ಒಳಗಿರುವ ಗಂಡು ಹೆಣ್ಣಿನ ಸಂಖ್ಯೆ ಸರಿಸಮ ಇರಬೇಕು. ಗಂಡ ಸತ್ತರೆ ಹೆಣ್ಣೊಂದು ಹೆಚ್ಚಾಗುತ್ತದೆ, ಹೆಂಡತಿ ಸತ್ತರೆ ಗಂಡೊಂದು ಹೆಚ್ಚಾಗುತ್ತದೆ. ಹೆಚ್ಚಾದ ಹೆಣ್ಣನ್ನು ಚಿತೆಗೆ ಹಾಕಿದರು, ಇಲ್ಲವೇ ಬದುಕಿದ್ದಷ್ಟು ದಿನ ವಿಧವೆಯಾಗಿ ಕೂರಿಸಿದರು. ಹೆಚ್ಚಾದ ಗಂಡಿಗೆ ಬ್ರಹ್ಮಚರ್ಯ ಹೇಳಿದರು, ಇಲ್ಲವೇ ಇನ್ನೂ ಮದುವೆಯ ವಯಸ್ಸಿಗೆ ಬಾರದ ಮಗುವನ್ನು ತಂದು ಕಟ್ಟಿದರು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಮೂರನ್ನೂ ಒಂದೇ ಲೆಕ್ಕದಿಂದ ಬಿಡಿಸಿ ತೋರಿಸಿದ ಆ ಪ್ರಬಂಧ ಮರುವರ್ಷ ಅಚ್ಚಾಯಿತು.

ಹೆಚ್ಚಾದ ಗಂಡು ಎಂಬ ಮಾತನ್ನು ಓದುವಾಗ ನನಗೆ ಮಂಡ್ಯದ ಹುಡುಗರು ಕಾಣುತ್ತಾರೆ. ಅವರು ಹೆಚ್ಚಾದದ್ದು ಹೆಂಡತಿ ಸತ್ತಲ್ಲ, ಹೆಂಡತಿಯಾಗಬೇಕಾದವಳು ಹುಟ್ಟದೆ. ಕಟ್ಟು ಮಾತ್ರ ಅದೇ. ಇಷ್ಟೆಲ್ಲ ಆದಮೇಲೂ ಬ್ರೋಕರು ಬಂದರೆ ಮನೆಯವರ ಮೊದಲ ಪ್ರಶ್ನೆ ‘ನಮ್ಮವರೇ ತಾನೆ?’ ಮಾದಪ್ಪನ ಹತ್ತಿರ ಹೆಣ್ಣು ಕೊಡು ಎಂದು ಬೇಡುವವರು ‘ಯಾವ ಜಾತಿಯಾದರೂ ಸರಿ’ ಎಂದು ಹರಕೆ ಹೊರುವುದನ್ನು ನಾನಂತೂ ಕೇಳಿಲ್ಲ. ನಿಮ್ಮ ಮನೆಯಲ್ಲಿ ಆ ಪ್ರಶ್ನೆ ಎದ್ದ ದಿನ ನೀವೇನು ಹೇಳುತ್ತೀರಿ ಎಂಬುದನ್ನು ಈಗಲೇ ಯೋಚಿಸಿಟ್ಟುಕೊಳ್ಳಿ. ಆ ದಿನ ಅಪ್ಪನ ಮುಂದೆ ಯೋಚಿಸಲು ಬಿಡುವಿರುವುದಿಲ್ಲ.

ಈ ರಜೆಯಲ್ಲಿ ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ ಹಿಡಿದು ನಿಮ್ಮದೇ ಬೀದಿಯ ಮನೆಗಳಿಗೆ ಹೋಗಿ, ಹಾಗೆಯೇ ನೀವು ಯಾವತ್ತೂ ಕಾಲಿಡದ ಬೀದಿಗೂ. ಅಜ್ಜಿ ಯಾವ ಊರಿನಿಂದ ಬಂದರು, ಎಷ್ಟನೆಯ ವಯಸ್ಸಿಗೆ, ಹಣ ಯಾರು ಯಾರಿಗೆ ಕೊಟ್ಟರು ಎಂದು ಕೇಳಿ. ಅಮ್ಮಂದಿರನ್ನು ಕೇಳಿ, ಮದುವೆಯಾಗಬೇಕಾದವರನ್ನೂ ಕೇಳಿ. ಹೆಂಗಸರೊಂದಿಗೆ ಮಾತಾಡುವಾಗ ಗಂಡನೋ ಅತ್ತೆಯೋ ಪಕ್ಕದಲ್ಲಿರದ ಹೊತ್ತು ನೋಡಿಕೊಂಡು ಹೋಗಿ, ಹುಡುಗರು ಹೋಗುವುದಾದರೆ ತಂಗಿಯನ್ನೋ ಸಹಪಾಠಿಯನ್ನೋ ಜೊತೆಗೆ ಕರೆದುಕೊಳ್ಳಿ. ಉತ್ತರ ನಿಮಗೆ ಹಿಡಿಸದಿದ್ದರೂ ವಾದಕ್ಕಿಳಿಯಬೇಡಿ. ಹೇಳಿದ್ದನ್ನು ಅವರ ಮಾತಿನಲ್ಲೇ ಅದೇ ರಾತ್ರಿ ಬರೆದಿಡಿ, ಹೆಸರು ಬದಲಿಸಿ; ಶ್ರೀನಿವಾಸರೂ ಎಪ್‌ಸ್ಟೀನರೂ ಊರಿನ ಹೆಸರನ್ನೇ ಬದಲಿಸಿದವರು. ಕೆಲವು ದಿನ ಬಿಟ್ಟು ಅದೇ ಮನೆಗಳಿಗೆ ಮತ್ತೆ ಹೋಗಿ, ಬರೆದದ್ದನ್ನು ಅವರಿಗೆ ಓದಿ ಹೇಳಿ. ‘ನಾನು ಹಾಗಂದೆನಾ, ಇಲ್ಲ ಬಿಡು’ ಎಂದು ಯಾರಾದರೂ ತಿದ್ದಿದರೆ, ಮೊದಲು ಬರೆದದ್ದನ್ನು ಹೊಡೆದು ಹಾಕದೆ, ತಿದ್ದಿದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಪುಟದ ಅಂಚಿಗೆ ಬರೆದುಕೊಳ್ಳಿ.